ಕಿವಿಯಿಂದ ಕೊಂಡ ಏರ್‌ಗನ್

ಬೇರೆಯವರ ಸ್ವರ ಕದಿಯುವುದು ನನ್ನ ಕಸುಬು. ಮುಳ್ಳೇರಿಯದ ಸುತ್ತಮುತ್ತ ಕ್ಲಬ್ಬಿನ ವಾರ್ಷಿಕೋತ್ಸವವೋ ಶಾಲೆಯ ಸಮಾರಂಭವೋ ಇದ್ದರೆ ಮೈಕಿನ ಮುಂದೆ ನಿಂತು ಬಸ್ಸಿನ ಕಂಡಕ್ಟರ್, ವಿಲೇಜ್ ಆಫೀಸಿನ ಗುಮಾಸ್ತ, ಕೆಟ್ಟುಹೋದ ಮಿಕ್ಸಿ, ಎಲ್ಲವನ್ನೂ ಗಂಟಲಲ್ಲೇ ಮಾಡಿ ತೋರಿಸುತ್ತೇನೆ. ನಿನ್ನ ಸ್ವಂತ ಸ್ವರ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಬೇಕಾಗುತ್ತದೆ.

ನಮ್ಮ ಮನೆಯ ಹಿಂದಿನ ಮನೆಯಲ್ಲಿ ಸೋದರಮಾವ ಇದ್ದಾರೆ, ನಿವೃತ್ತ ಗಣಿತದ ಮಾಸ್ಟ್ರು. ಹಳೆಯ ಏರ್‌ಗನ್ ಸಂಗ್ರಹಿಸುವುದು ಅವರ ಹುಚ್ಚು. ಗೋಡೆಯ ಮೇಲೆ ಆರು ಇವೆ. ಇವತ್ತಿನವರೆಗೆ ಒಂದು ಕಾಗೆಯ ಗರಿಯೂ ಅವುಗಳಿಂದ ಉದುರಿಲ್ಲ. ದೂರು ಕೊಡುವುದಿದ್ದರೆ ಬಿಸ್ಕತ್ತಿನ ಡಬ್ಬಿಗಳು ಕೊಡಬೇಕು.

ಅವರಿಗೆ ಏಳನೆಯದೊಂದು ಬೇಕಿತ್ತು. ಅಜ್ಜ ಅವರಿಗೆ ಗುರಿ ಹಿಡಿಯಲು ಕಲಿಸಿದ್ದು ನಳಿಗೆಯನ್ನು ಬಗ್ಗಿಸಿ ಗುಂಡು ತುಂಬುವ ಒಂದು ಇಂಗ್ಲಿಷ್ ಏರ್‌ಗನ್ನಿನಲ್ಲಿ. ಅದನ್ನು ಅಜ್ಜ ಯಾವಾಗಲೋ ಯಾರಿಗೋ ಕೊಟ್ಟುಬಿಟ್ಟಿದ್ದರಿಂದ ಅದೇ ಮಾದರಿಯ ಇನ್ನೊಂದು ಆಗಬೇಕಿತ್ತು. ಈಗ ಮಾವನ ಎರಡೂ ಕಣ್ಣಿಗೆ ಪೊರೆ ಬಂದಿದೆ.

"ನನಗೆ ನೋಡ್ಲಿಕ್ಕೆ ಅಲ್ಲ ಮಾಣಿ. ಅಪ್ಪನ ಕೋವಿಯ ಸದ್ದು ಒಮ್ಮೆ ಕೇಳಿದ್ರೆ ಸಾಕು," ಎಂದರು.

ಆನ್‌ಲೈನಿನ ಫೋಟೋಗಳು ಅವರಿಗೆ ಮಂಜಿನಲ್ಲಿ ನಿಂತ ಎಮ್ಮೆಯ ಹಾಗೆ ಕಾಣುತ್ತಿದ್ದುದರಿಂದ ಹುಡುಕುವ ಕೆಲಸ ನನಗೆ ಬಂತು. ಪಾಠವೂ ಆಯಿತು.

"ಮೊದಲು ಸ್ಕ್ರೂ ನೋಡು. ತಲೆ ಕಿತ್ತುಹೋಗಿದ್ರೆ ಊರಿನವರೆಲ್ಲ ಬಿಚ್ಚಿ ನೋಡಿದ್ದಾರೆ ಅಂತ ಲೆಕ್ಕ. ಮರ ಭಾರೀ ಮಿಂಚಿದ್ರೆ ಸಂಶಯ ಪಡು, ತೆಂಗಿನೆಣ್ಣೆ ಉಜ್ಜಿರ್ತಾರೆ. ಯಾವ ಜಾಗದ ಫೋಟೋ ಹಾಕ್ಲಿಲ್ವೋ, ರೋಗ ಅಲ್ಲೇ ಉಂಟು."

"ನನ್ನ ಮದುವೆಗೆ ಫೋಟೋ ಕೊಟ್ರೆ ಅದನ್ನೂ ಹೀಗೆಯೇ ನೋಡ್ತಾರಾ ಮಾವ?"

"ನಿನ್ನದು ದೂರದಿಂದಲೇ ಗೊತ್ತಾಗ್ತದೆ. ಬಿಚ್ಚುವ ಅಗತ್ಯ ಇಲ್ಲ."

ಕೊನೆಯ ಪಾಠ ಸದ್ದಿನದು. ಫೋಟೋ ಸುಳ್ಳು ಹೇಳುತ್ತದೆ, ಸದ್ದು ಹೇಳುವುದಿಲ್ಲ. ಮಾರುವವನು ಒಂದು ಗುಂಡು ಹಾಕಿ ಹೊಡೆದು ರೆಕಾರ್ಡ್ ಮಾಡಿ ಕಳಿಸಬೇಕು. ಒಳಗಿನ ಚರ್ಮದ ವಾಷರ್ ಸರಿ ಇದ್ದರೆ 'ಟಕ್' ಎಂದು ಗಟ್ಟಿಯಾಗಿ ಬರುತ್ತದೆ, ಒಣಗಿದ್ದರೆ ಬರೀ ಉಸಿರು. ಇದನ್ನು ಕೇಳಿ ನನ್ನ ಗಂಟಲಿಗೆ ತುರಿಕೆ ಹತ್ತಿತು. ಹುಡುಕಾಟಕ್ಕೆಂದು ಹಳೆ ಏರ್‌ಗನ್ ಪ್ರಿಯರ ಒಂದು ಆನ್‌ಲೈನ್ ಗುಂಪಿಗೆ ಸೇರಿದ್ದೆ. ನಮ್ಮ ಅಡುಗೆಮನೆಯಲ್ಲಿ ನಿಂತು ಬಾಯಲ್ಲೇ ಒಂದು ಗುಂಡು ಹೊಡೆದು, ರೆಕಾರ್ಡ್ ಮಾಡಿ, 'ಇದು ಯಾವ ಮಾದರಿ ಹೇಳಿ' ಎಂದು ಅಲ್ಲಿ ಹಾಕಿದೆ. ಮೂರು ಮಂದಿ ಮಾದರಿಯ ಹೆಸರು ಹೇಳಿದರು. ಒಬ್ಬರು ತಯಾರಾದ ವರ್ಷವನ್ನೂ ಹೇಳಿದರು. ಅದು ನನ್ನ ಬಾಯಿ ಎಂದು ನಾನು ಹೇಳಲೇ ಇಲ್ಲ.

ತಿಂಗಳು ಕಳೆದ ಮೇಲೆ ಮೈಸೂರಿನ ಒಬ್ಬರು ಅದೇ ಗುಂಪಿನಲ್ಲಿ ಅಜ್ಜನ ಮಾದರಿಯನ್ನು ಮಾರಾಟಕ್ಕಿಟ್ಟರು. "ಕಂಡೀಷನ್ ಸೂಪರ್ ಸಾರ್, ನಮ್ ತಾತ ಬೀರೂನಲ್ಲೇ ಇಟ್ಟಿದ್ರು." ಸ್ಕ್ರೂಗಳ ತಲೆ ನೆಟ್ಟಗಿತ್ತು, ಮರ ಅಳತೆ ಮೀರಿ ಮಿಂಚುತ್ತಿರಲಿಲ್ಲ. ಸದ್ದು ಕಳಿಸಿ ಎಂದೆ. ಎರಡು ದಿನ ಬಿಟ್ಟು ಕಳಿಸಿದರು. ಫೋನನ್ನು ಕಿವಿಗೆ ಹಿಡಿದೆ. ಟಕ್! ಇಷ್ಟು ಆರೋಗ್ಯವಂತ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

"ನನಗೂ ಒಮ್ಮೆ ಕೇಳಿಸು," ಎಂದರು ಮಾವ.

"ಎಂತಕ್ಕೆ ಮಾವ? ಕಿವಿ ನನ್ನ ಕಸುಬು."

"ಅದು ಹೌದು," ಎಂದು ಒಪ್ಪಿದರು. ನನ್ನನ್ನು ಅವರು ನಂಬಿದ್ದು ಅದೇ ಮೊದಲು.

ಪಾರ್ಸೆಲ್ ಪುತ್ತೂರಿಗೆ ಬಂತು. ಉದ್ದ ಪೆಟ್ಟಿಗೆ ಹಿಡಿದು ಊರಿಗೆ ಮರಳಲು ಪೆರ್ಲದ ಬಸ್ಸು ಹತ್ತಿದಾಗ ಕಂಡಕ್ಟರ್, "ಅದೆಂತ ಮಾರಾಯ, ವೀಣೆಯಾ?" ಎಂದ. "ಹೌದು, ಒಂದೇ ತಂತಿ," ಎಂದೆ.

ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ ಅಂಗಳದಲ್ಲಿ ಕಾಯುತ್ತಿದ್ದರು. ಗುರಿಗೆ ಬಿಸ್ಕತ್ತಿನ ಡಬ್ಬಿ ಇಟ್ಟಾಗಿತ್ತು. ಗುಂಡು ಹಾಕಿ, ಕಣ್ಣು ಮುಚ್ಚಿ, ಕೋವಿಯ ಕುದುರೆ ಎಳೆದರು.

ಫುಸ್.

ಗುಂಡು ನಳಿಗೆಯ ತುದಿಗೆ ಬಂದು, ಆಚೀಚೆ ನೋಡಿ, ಮಾವನ ಕಾಲ ಬುಡದಲ್ಲಿ ಬಿತ್ತು.

"ಆ ರೆಕಾರ್ಡ್ ಹಾಕು," ಎಂದರು.

ಹಾಕಿದೆ. ಪುನಃ ಹಾಕು ಎಂದರು. ಪುನಃ ಹಾಕಿದೆ.

"ಮಾಣಿ, ಮೈಸೂರಿನಲ್ಲಿ ನನ್ನ ತಂಗಿ ಎಂತ ಮಾಡ್ತಾಳೆ?"

ಇನ್ನೊಮ್ಮೆ ಹಾಕಿದೆ. ಮೂರನೆಯ ಸಲ ನನಗೂ ಕೇಳಿಸಿತು. ಟಕ್ ಆದ ಮೇಲೆ ಒಂದು ಕುಕ್ಕರಿನ ಕೂಗು. ಅದರ ಹಿಂದೆಯೇ, ಸಣ್ಣಗೆ: "ಏಯ್ ಮಾಣಿ, ಒಲೆ ಆರಿಸು! ಕಿವಿ ಕೇಳುವುದಿಲ್ವಾ ನಿನಗೆ?" ನನ್ನ ಅಮ್ಮ. ಗುಂಪಿನಲ್ಲಿ ನಾನೇ ಹಾಕಿದ್ದ ನನ್ನದೇ ಬಾಯಿಯ ಗುಂಡನ್ನು ಆ ಮನುಷ್ಯ ನನಗೇ ಕಳಿಸಿದ್ದ. ಸದ್ದಿನ ಚಂದಕ್ಕೆ ನಾನು ಮರುಳಾಗಿದ್ದೆ. ಇನ್ನು ಅಮ್ಮ ಕರೆದದ್ದು ಕೇಳಿಸದೆ ಇರುವುದು ನನಗೆ ಹುಟ್ಟಿನಿಂದ ಬಂದ ವಿದ್ಯೆ.

ಮೈಸೂರಿಗೆ ಫೋನು ಮಾಡಿ ಬೈದೆ. "ಒಳ್ಳೇ ಸದ್ದು ಕೇಳಿದ್ರಲ್ಲ ಸಾರ್, ಗ್ರೂಪಲ್ಲಿ ಅದಕ್ಕಿಂತ ಒಳ್ಳೇದು ಇರ್ಲಿಲ್ಲ," ಎಂದು ಫೋನಿಟ್ಟ. ಕಲಾವಿದನಾಗಿ ಒಂದು ಕ್ಷಣ ಖುಷಿಯಾದದ್ದು ಸುಳ್ಳಲ್ಲ.

ಮಾವ ಬೈಯಲಿಲ್ಲ. ಬೈದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಒಂದು ಐಟಂ ಆದರೂ ಸಿಗುತ್ತಿತ್ತು. ಕೋವಿಯನ್ನು ಮಡಿಲಲ್ಲಿಟ್ಟು ಕೈಯಿಂದಲೇ ತಡವುತ್ತ ಕುಳಿತರು. ಆ ಇಸ್ತ್ರಿ ಅಂಗಿಯನ್ನು ನೋಡಲು ನನಗೆ ಆಗಲಿಲ್ಲ.

ಆಮೇಲೆ ಸ್ಕ್ರೂ ಬಿಚ್ಚಿದರು. ಅವರ ಬೆರಳು, ನನ್ನ ಕಣ್ಣು. ಒಳಗಿನ ವಾಷರ್ ಸುಟ್ಟ ಹಪ್ಪಳದ ಹಾಗೆ ಪುಡಿಯಾಗಿ ಬಂತು.

"ಸ್ಪ್ರಿಂಗ್ ಗಟ್ಟಿ ಉಂಟು. ಚರ್ಮ ಮಾತ್ರ ಹೋದದ್ದು. ಬೆಲ್ಟ್ ಬಿಚ್ಚು."

"ಹೊಡೀಲಿಕ್ಕಾ ಮಾವ?"

"ಹೊಡೆದು ಸರಿ ಮಾಡುವ ಪ್ರಾಯ ನಿನಗೆ ದಾಟಿತು. ಚರ್ಮ ಬೇಕು ನನಗೆ."

ಅದು ನಾನು ಸ್ಟೇಜಿಗೆ ಕಟ್ಟುವ ದಪ್ಪ ಚರ್ಮದ ಬೆಲ್ಟು. ಅದರಿಂದ ಒಂದು ಬಿಲ್ಲೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಬಟ್ಟಲಿನ ಆಕಾರಕ್ಕೆ ಒತ್ತಿದರು. ಮೂರು ದಿನ ಅದು ಎಣ್ಣೆಯಲ್ಲಿತ್ತು. ಮೂರು ದಿನ ನಾನು ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡು ಮುಳ್ಳೇರಿಯ ಪೇಟೆಯಲ್ಲಿ ತಿರುಗಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಮಾವ ಪುನಃ ಕಣ್ಣು ಮುಚ್ಚಿ ಹೊಡೆದರು.

ಅದು ನನ್ನ ಟಕ್ಕಿನ ಹಾಗೆ ಇರಲೇ ಇಲ್ಲ. ನನ್ನದರಲ್ಲಿ ಸ್ವಲ್ಪ ಜಂಭ ಉಂಟು. ಇದು ಗಿಡ್ಡ, ಒರಟು, ಕೊನೆಗೆ ಸ್ಪ್ರಿಂಗಿನ ಒಂದು ಸಣ್ಣ ನರಳಿಕೆ. ಡಬ್ಬಿ ಹಾರಿ ಬಿತ್ತು. ಮಾವ ಕಣ್ಣು ಬಿಡಲಿಲ್ಲ.

"ಅಪ್ಪನದೇ ಸದ್ದು," ಎಂದರು.

ಆ ಸದ್ದನ್ನು ಹಿಡಿಯಲು ನಾನು ಬಾಯಿ ತೆರೆದೆ.

"ಇದೊಂದನ್ನು ಮಾಡ್ಬೇಡ ಮಾರಾಯ. ಕೋವಿಯ ಬಾಯಲ್ಲೇ ಇರ್ಲಿ."

ಬಾಯಿ ಮುಚ್ಚಿದೆ. ಅಷ್ಟರಲ್ಲಿ ನಮ್ಮ ಅಡುಗೆಮನೆಯ ಕುಕ್ಕರ್ ಕೂಗಿತು. ಅಮ್ಮ ಕರೆಯುವ ಮೊದಲೇ ನಾನು ಪ್ಯಾಂಟು ಹಿಡಿದುಕೊಂಡು ಒಲೆ ಆರಿಸಲು ಓಡಿದೆ.