ಅಂಗಳದ ಹಗ್ಗಕ್ಕೆ ಬಂದ ಬಟ್ಟೆ

ಮಳೆ ಹನಿ ಬಿದ್ದದ್ದೇ ತಡ, ಗೆಳತಿ ಲಿಲ್ಲಿಯ ಅಣ್ಣ ರಾಬರ್ಟ್ ಅಂಗಳಕ್ಕೆ ಓಡಿ, ಹಗ್ಗದ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಬಂದ. ಅವನ ಅಂಗಿ, ಲುಂಗಿಗಳ ನಡುವೆ ಲಿಲ್ಲಿಯ ಮುಟ್ಟಿನ ಬಟ್ಟೆಗಳೂ ಇದ್ದವು. ಅದು ಎಪ್ಪತ್ತರ ದಶಕ, ಕರಾವಳಿಯ ಕಾಪು ಊರು. ನಾನಿನ್ನೂ ಹೈಸ್ಕೂಲು ಹುಡುಗಿ, ಅಂದು ಲಿಲ್ಲಿಯ ಮನೆಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಅಂಥ ಬಟ್ಟೆಗಳು ಗಂಡಸರ ಕಣ್ಣಿಗೆ ಬೀಳದಂತೆ ಬಚ್ಚಲಿನ ಹಿಂದೆ, ಹಳೆಯ ಲಂಗದ ಅಡಿಯಲ್ಲಿ ಅರೆಬರೆ ಒಣಗಬೇಕಿತ್ತು.

ರಾಬರ್ಟ್ ಜಗಲಿಯಲ್ಲಿ ಕುಳಿತು ಒಂದೊಂದನ್ನೇ ಮುಟ್ಟಿ ನೋಡಿದ. "ಲಿಲ್ಲಿ, ಇದು ಇನ್ನೂ ಚಂಡಿ ಉಂಟು, ಒಣಗಲೇ ಇಲ್ಲ. ಒಲೆ ಹತ್ತಿರ ಹಾಕ್ತೇನೆ" ಎಂದ. ನಾನು ತಲೆ ತಗ್ಗಿಸಿದ್ದನ್ನು ಕಂಡು, "ಎಂತ ನಾಚಿಕೆ ಮಾರಾಯ್ತಿ? ಸರಿ ಒಣಗದಿದ್ದರೆ ಅವಳಿಗೆ ತುರಿಕೆ ಆಗ್ತದೆ. ಅಮ್ಮ ನನಗೆ ಎಲ್ಲ ಹೇಳಿದ್ದಾರೆ" ಎನ್ನುತ್ತ, ತನ್ನ ಅಂಗಿಯ ಹಾಗೆಯೇ ಅವುಗಳನ್ನೂ ಮಡಚಿಟ್ಟ. ಲಿಲ್ಲಿ ಆರಾಮವಾಗಿ ನೆಲಗಡಲೆ ತಿನ್ನುತ್ತಿದ್ದಳು. ಇಂಥದ್ದೊಂದು ಮನೆಯೂ ಇರುತ್ತದೆಯೇ ಎಂದು ನಾನು ಬೆರಗಾಗಿ ನೋಡುತ್ತಲೇ ಉಳಿದೆ.

ಮರುದಿನ ನನ್ನ ಬಟ್ಟೆಗಳನ್ನು ಮೊದಲ ಬಾರಿಗೆ ಅಂಗಳದ ಬಿಸಿಲಿಗೆ ಹಾಕಿದೆ. "ಇದೆಂತ ಅಕ್ಕ?" ಎಂದು ತಮ್ಮ ಕೇಳಿದ. ಒಳಗಿನಿಂದ ಅಮ್ಮ ಬೈಯುತ್ತಲೇ ಇದ್ದರು. ನಾನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ.