ಪ್ರಫುಲ್ಲಾ ಕೊಂಡ ಡೈವ್ ಕಂಪ್ಯೂಟರು

ಅಮೆರಿಕದ ಸನ್ನಿವೇಲಿನ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಹಲ್ಲು ಶುಚಿ ಮಾಡುವ ಕೆಲಸ ಪ್ರಫುಲ್ಲಾಳದು. ಮಂಗಳೂರಿನಲ್ಲಿ ಕಡಲ ಪಕ್ಕದಲ್ಲೇ ಬೆಳೆದರೂ ನೀರು ಮೊಣಕಾಲು ಮುಟ್ಟಿದರೆ ಹಿಂದೆ ಸರಿಯುತ್ತಿದ್ದವಳು. ನಲವತ್ತು ದಾಟಿದ ಮೇಲೆ ಒಂದು ಭಾನುವಾರ ಮಗಳು ನಿಶ್ಮಿತಾಳ ಜೊತೆ ಮಾಂಟೆರೆಯ ಅಕ್ವೇರಿಯಮ್ಮಿಗೆ ಹೋದಾಗ, ಗಾಜಿನಾಚೆ ಮೀನುಗಳಿಗೆ ತಿಂಡಿ ಹಾಕುತ್ತಿದ್ದ ಡೈವರ್ ಒಬ್ಬಳು ಇವಳತ್ತ ಕೈ ಬೀಸಿದಳು. ಅವಳ ಟೋಪಿಯಂಚಿನಿಂದ ನರೆಕೂದಲು ಹೊರಬಿದ್ದಿತ್ತು. ಆ ಡೈವರ್ ನನಗಿಂತ ದೊಡ್ಡವಳು ಅಂದುಕೊಂಡ ಪ್ರಫುಲ್ಲಾ ಮರುವಾರವೇ ಈಜು ಕ್ಲಾಸಿಗೆ ಸೇರಿದಳು.

ಹಾಗೆ ಶುರುವಾದದ್ದು ಎರಡು ಸಾವಿರದ ಇಸವಿಯ ಹೊತ್ತಿಗೆ ನೂರೈವತ್ತು ಅಡಿ ಆಳಕ್ಕಿಳಿಯುವ ಟೆಕ್ನಿಕಲ್ ಡೈವಿಂಗ್ ಕಲಿಯುವವರೆಗೆ ಬಂದಿತ್ತು. ಅಷ್ಟು ಆಳಕ್ಕೆ ಹೋದವರು ನೇರವಾಗಿ ಮೇಲೆ ಬರುವಂತಿಲ್ಲ, ಬಂದರೆ ರಕ್ತದಲ್ಲಿ ಗಾಳಿಗುಳ್ಳೆಯೆದ್ದು ಪ್ರಾಣಕ್ಕೇ ಅಪಾಯ. ದಾರಿಯಲ್ಲಿ ಅಲ್ಲಲ್ಲಿ ನಿಂತು, ಕೊನೆಯ ನಿಲುಗಡೆಯಲ್ಲಿ ಆಮ್ಲಜನಕ ಹೆಚ್ಚಿರುವ ಇನ್ನೊಂದು ಸಿಲಿಂಡರಿನಿಂದ ಉಸಿರಾಡುತ್ತ ಕಾಯಬೇಕು. ಎಲ್ಲಿ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಹೇಳುವುದು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರು. ಅವಳ ಹಳೆಯದಕ್ಕೆ ಒಂದೇ ಸಿಲಿಂಡರಿನ ಲೆಕ್ಕ ಗೊತ್ತಿತ್ತು. ಎರಡರ ಲೆಕ್ಕ ಬಲ್ಲದ್ದು, ಆದರೆ ಕೈಗೆಟುಕುವಂಥದ್ದು ಬೇಕಾಗಿತ್ತು.

ಸಲಹೆಗಳಿಗೇನೂ ಬರವಿರಲಿಲ್ಲ. ಹಲ್ಲು ತೋರಿಸಲು ಬಂದ ಅರವಿಂದ ಎಂಬ ಸ್ಟಾರ್ಟಪ್ ಇಂಜಿನಿಯರು ತಾನೂ ಡೈವರು. ಬಾಯಿ ಮುಕ್ಕಳಿಸಿದ ಕೂಡಲೇ, "ಟಾಪ್ ಮಾಡೆಲ್ಲೇ ತಗೊಳ್ಳಿ ಮೇಡಂ, ಪಿಸಿಗೆ ಕನೆಕ್ಟ್ ಮಾಡಿದ್ರೆ ಗ್ರಾಫೆಲ್ಲಾ ಬರುತ್ತೆ" ಎಂದ. ಗಂಡ ಜಯರಾಜ್ ಅದೇ ಮಾಡೆಲ್ಲಿನ ಸೆಕೆಂಡ್‌ಹ್ಯಾಂಡ್ ಒಂದನ್ನು ಇಂಟರ್ನೆಟ್ ಹರಾಜಿನಲ್ಲಿ ಹುಡುಕಿ ತೆಗೆದ. ನಾಯಿ ಬಿಸ್ಕತ್ತಿನಿಂದ ಸೋಫಾದವರೆಗೆ ಎಲ್ಲವನ್ನೂ ಜನ ಮೌಸು ಒತ್ತಿ ಕೊಳ್ಳುತ್ತಿದ್ದ ಕಾಲ ಅದು.

"ಅರ್ಧ ಬೆಲೆಗೆ ಉಂಟು. ಬಿಡ್ ಮಾಡ್ಲಾ?"

"ಬ್ಯಾಟರಿ ಎಷ್ಟು ಹಳೇದು ಅಂತ ಕೇಳಿ ಮೊದ್ಲು."

ಮಾರುವವನ ಉತ್ತರ ಬಂತು: ಬ್ಯಾಟರಿ ನಾವು ಬದಲಿಸುವಂಥದ್ದಲ್ಲ, ಮುಗಿದರೆ ಕಂಪನಿಗೇ ಕಳಿಸಬೇಕು, ಇನ್ನೆಷ್ಟು ದಿನ ಬರುತ್ತದೋ ಗೊತ್ತಿಲ್ಲ.

"ನೂರೈವತ್ತು ಅಡಿ ಕೆಳಗೆ ಅದು ಆಫ್ ಆದ್ರೆ ನಾನು ಯಾರನ್ನು ಕೇಳುದು? ನಿಮ್ಮನ್ನಾ?"

ಜಯರಾಜ್ ಮೌಸಿನಿಂದ ಕೈ ತೆಗೆದ.

ಆ ಶನಿವಾರ ಇಬ್ಬರೂ ಕ್ಯಾರಲ್ ಎಂಬಾಕೆಯ ಡೈವಿಂಗ್ ಸಾಮಾನಿನ ಅಂಗಡಿಗೆ ಹೋದರು. ಪ್ರಫುಲ್ಲಾಳಿಗೆ ಡೈವಿಂಗ್ ಕಲಿಸುತ್ತಿದ್ದವಳೂ ಅವಳೇ. ಪ್ರಫುಲ್ಲಾ ಚೀಲದಿಂದ ತನ್ನ ಮಾಸ್ಕನ್ನೂ ದಪ್ಪ ರಬ್ಬರಿನ ಗ್ಲೌಸುಗಳನ್ನೂ ತೆಗೆದು ಹಾಕಿಕೊಂಡು, ಆಳದ ಕತ್ತಲಲ್ಲಿ ಓದಲಾಗುತ್ತದೋ ನೋಡಲು, ದೀಪವಿಲ್ಲದ ಗೋದಾಮಿನೊಳಗೆ ಎರಡು ಮಾಡೆಲ್ಲುಗಳನ್ನೂ ಒಂದು ಟಾರ್ಚನ್ನೂ ಹಿಡಿದು ಹೊಕ್ಕಳು. ಟಾಪ್ ಮಾಡೆಲ್ಲಿನ ಪರದೆಯಲ್ಲಿ ಅಂಕಿಗಳು ಇರುವೆ ಸಾಲಿನಂತೆ ಕಂಡವು. ಓದುವ ಕನ್ನಡಕ ನೀರಿನೊಳಗೆ ಎಲ್ಲಿಂದ ಬರಬೇಕು? ಗ್ಲೌಸಿನ ಬೆರಳಿಂದ ಒಂದು ಗುಂಡಿ ಒತ್ತಿದರೆ ಎರಡು ಒತ್ತಿಹೋಗಿ, ಅಡಿಯ ಲೆಕ್ಕವೆಲ್ಲ ಮೀಟರಿಗೆ ತಿರುಗಿಬಿಟ್ಟಿತು.

ಪಕ್ಕದಲ್ಲಿದ್ದ ಸಾಧಾರಣ ಮಾಡೆಲ್ಲಿನಲ್ಲಿ ಅಂಕಿಗಳು ಬೆರಳುದ್ದ, ಗುಂಡಿಗಳು ದೂರ ದೂರ. ನಾಣ್ಯ ತಿರುಗಿಸಿ ಬ್ಯಾಟರಿ ಬದಲಿಸಬಹುದು. ಎರಡು ಸಿಲಿಂಡರಿನ ಲೆಕ್ಕ ಬರುತ್ತದೆ. ಇನ್ನೂ ಆಳಕ್ಕೆ ಹೋಗುವವರು ಉಸಿರಾಟದ ಗಾಳಿಗೆ ಬೆರೆಸಿಕೊಳ್ಳುವ ಹೀಲಿಯಮ್ಮಿನ ಲೆಕ್ಕ ಬರುವುದಿಲ್ಲ ಎಂದು ಕ್ಯಾರಲ್ ಮೊದಲೇ ಹೇಳಿದಳು.

"ಅಷ್ಟು ಕೆಳಗೆ ಹೋಗುವ ಅಂದಾಜು ಉಂಟಾ ನಿನಗೆ?" ಜಯರಾಜ್ ದನಿ ತಗ್ಗಿಸಿ ಕೇಳಿದ.

"ಸದ್ಯಕ್ಕೆ ಇಲ್ಲ."

ಆ 'ಸದ್ಯಕ್ಕೆ' ಅವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೂ ಅವಳು ಆ ಸಾಧಾರಣ ಮಾಡೆಲ್ಲನ್ನೇ ಕೊಂಡಳು. ಉಳಿಸಿದ ಹಣದಲ್ಲಿ ಆಳ, ಸಮಯ ಎರಡನ್ನಷ್ಟೇ ತೋರಿಸುವ ಸಾದಾ ಮೀಟರೊಂದನ್ನೂ ತೆಗೆದುಕೊಂಡಳು. ಒಂದೇ ಯಂತ್ರವನ್ನು ನಂಬಿ ನೀರಿಗಿಳಿಯಬಾರದು ಎಂಬುದು ಕ್ಯಾರಲ್‌ಳ ಕಟ್ಟುನಿಟ್ಟು. ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕೆಂಬ ಟೇಬಲ್ಲನ್ನು ಜಯರಾಜ್ ತನ್ನ ಆಫೀಸಿನಲ್ಲಿ ಪ್ರಿಂಟು ಮಾಡಿ, ನೀರು ಹೋಗದಂತೆ ಲ್ಯಾಮಿನೇಟ್ ಮಾಡಿಸಿ ತಂದ.

ತಿಂಗಳೊಪ್ಪತ್ತಿನಲ್ಲಿ, ಮಾಂಟೆರೆಯ ತಣ್ಣೀರಿನಲ್ಲಿ ಕ್ಯಾರಲ್‌ಳ ಜೊತೆ ಮೊದಲ ಆಳದ ಡೈವ್ ಮುಗಿಸಿ ಪ್ರಫುಲ್ಲಾ ದಡ ಹತ್ತಿದಳು. ತುಟಿ ನೀಲಿಗಟ್ಟಿತ್ತು, ಮುಖ ಅರಳಿತ್ತು. ಜಯರಾಜ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ.

"ಹೇಗಿತ್ತು ಕಂಪ್ಯೂಟರು?"

"ಅದೂ ಟೇಬಲ್ಲೂ ಒಂದೇ ಮಾತು ಹೇಳಿದ್ವು. ಕನ್ನಡಕ ಇಲ್ಲದೆ ಓದಿದೆ."

ಅವಳ ಕಾಲಿನ ಈಜುರೆಕ್ಕೆಯ ತುದಿಯಲ್ಲಿ ಹಲ್ಲಿನ ಗುರುತು ಕಂಡು ಅವನು ಬಗ್ಗಿದ. "ಇದೆಂತ ಮಾರಾಯ್ತಿ?"

"ಕೊನೆಯ ಸ್ಟಾಪಲ್ಲಿ ಕಾಯ್ತಾ ಇದ್ದಾಗ ಸೀಲ್ ಪ್ರಾಣಿ ಒಂದು ಬಂತು. ಆಟಕ್ಕೆ ಬಾ ಅಂತ ಕಚ್ಚಿ ಕಚ್ಚಿ ಎಳೀತು."

"ನೀನೆಂತ ಮಾಡಿದ್ದು?"

"ಎಂತ ಮಾಡುದು? ಇನ್ನೂ ಆರು ನಿಮಿಷ ಬಾಕಿ ಅಂತ ಕಂಪ್ಯೂಟರು ತೋರಿಸ್ತಾ ಇತ್ತು. ಕಾಲು ಕೊಟ್ಟು ಅಲ್ಲೇ ನಿಂತೆ."