ಡಬ್ಬಿ ಹಿಡಿದ ಕೈಯಲ್ಲಿ ಕಂಕಣ

ಮಕ್ಕಳಾಗದವರ ಆಸ್ಪತ್ರೆಗೆ ಹೋಗುವವರಿಗೆ ಒಂದು ಸೌಕರ್ಯ ತಪ್ಪಿಹೋಗುತ್ತದೆ. ಬೇರೆ ಆಸ್ಪತ್ರೆಯಲ್ಲಾದರೆ ಪರಿಚಯದವರು ಎದುರಾದಾಗ ಜ್ವರ ಅನ್ನಬಹುದು, ಹೊಟ್ಟೆನೋವು ಅನ್ನಬಹುದು. ಇಲ್ಲಿ ಬಂದವರದೆಲ್ಲ ಒಂದೇ ಕಾಯಿಲೆ. ತುಮಕೂರಿನ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೊದಲ ದಿನವೇ ನನಗೆ ಶಿರಾದ ಟೈರ್ ಅಂಗಡಿಯವನು ಎದುರಾದ. ಅವನ ಹಿಂದೆ ಅವನ ಹೆಂಡತಿ, ನನ್ನ ಹಿಂದೆ ನನ್ನ ಹೆಂಡತಿ.

"ಏನ್ ಮೇಷ್ಟ್ರೇ, ಈ ಕಡೆ?" ಅಂದ.

"ನಮ್ಮ ಚಿಕ್ಕಮ್ಮನ್ನ ಅಡ್ಮಿಟ್ ಮಾಡವ್ರೆ, ನೋಡ್ಕಂಡು ಹೋಗಣ ಅಂತ."

"ನಮ್ದೂ ಅಂಗೇ. ನಮ್ಮ ಖಾಲಾನ ನೋಡಕ್ಕೆ ಬಂದಿದ್ವಿ."

ಇಬ್ಬರೂ ಗಂಭೀರವಾಗಿ ತಲೆಯಾಡಿಸಿದೆವು. ಒಳಗೆ ಹೋದರೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತು ನರ್ಸ್ ಕರೆಯುವುದನ್ನು ಕಾಯಬೇಕಾಯಿತು. ಚಿಕ್ಕಮ್ಮ ಎಲ್ಲಿ ಅಂತ ಅವನು ಕೇಳಲಿಲ್ಲ, ಅವನ ಚಿಕ್ಕಮ್ಮ ಖಾಲಾ ಎಲ್ಲಿ ಅಂತ ನಾನೂ ಕೇಳಲಿಲ್ಲ. ಹಾವಿನ ಹೆಜ್ಜೆ ಹಾವಿಗೇ ಗೊತ್ತು.

ನಾನು ಮಧುಗಿರಿಯಲ್ಲಿ ಮನೆ ಮಾಡಿಕೊಂಡು ಕೊರಟಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವನು. ಮದುವೆಯಾಗಿ ಬಹಳ ವರ್ಷವಾದರೂ ಮಕ್ಕಳಾಗಿರಲಿಲ್ಲ. ಮೊದಲ ಸುತ್ತಿನ ಪರೀಕ್ಷೆಗಳಲ್ಲೇ ವಿಷಯ ತಿಳಿಯಿತು. ಹೆಂಡತಿಯದು ಎಲ್ಲವೂ ಸರಿಯಾಗಿದೆ. ನನ್ನ ವೀರ್ಯದಲ್ಲಿ ಕಣಗಳು ಕಡಿಮೆ, ಇರುವವೂ ಸೋಮಾರಿಗಳು. "ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ" ಎಂದರು ಡಾಕ್ಟರಮ್ಮ. ಪಡಬೇಡ ಅಂದ ಕೂಡಲೇ ನಿಂತುಹೋಗುವುದಾಗಿದ್ದರೆ ಅದನ್ನು ನಾಚಿಕೆ ಅಂತ ಯಾಕೆ ಕರೆಯುತ್ತಿದ್ದರು? ವಾಪಸು ಬರುವ ಬಸ್ಸಿನಲ್ಲಿ ಹೆಂಡತಿಗೆ ಮೆಲ್ಲಗೆ, "ಇದನ್ನ ಅಮ್ಮಂಗೆ ಹೇಳೋದು ಬ್ಯಾಡ" ಅಂದೆ. ಅವಳು ಕಿಟಕಿಯ ಕಡೆ ನೋಡುತ್ತಲೇ "ನಾನ್ಯಾಕೆ ಹೇಳ್ಲಿ" ಅಂದಳು. ಅವಳು ಹೇಳಲಿಲ್ಲ. ನಾನಂತೂ ಹೇಳಲೇ ಇಲ್ಲ. ಅಮ್ಮ ಇರುವುದು ವೈ.ಎನ್.ಹೊಸಕೋಟೆ ಹತ್ತಿರದ ನಮ್ಮೂರಲ್ಲಿ. ಆ ಕಡೆ ಮಕ್ಕಳಾಗದಿದ್ದರೆ ಹೆಣ್ಣನ್ನೇ ಕೇಳುತ್ತಾರೆ. ಗಂಡಸನ್ನು ಕೇಳುವವರು ಇನ್ನೂ ಹುಟ್ಟಿಲ್ಲ.

ಐಬು ನನ್ನದಾದರೂ ಚಿಕಿತ್ಸೆ ಪೂರ್ತಿ ಅವಳ ಮೈಗೆ. ಮುಟ್ಟಾದ ಎರಡನೆಯ ದಿನ ಸ್ಕ್ಯಾನು, ಆಮೇಲೆ ದಿನಾ ಸಂಜೆ ಹೊತ್ತು ತಪ್ಪದೆ ಹೊಕ್ಕುಳ ಪಕ್ಕಕ್ಕೆ ಇಂಜೆಕ್ಷನ್. ನಾನೇ ಹಾಕುತ್ತೇನೆಂದು ಜಂಬದಿಂದ ನರ್ಸ್ ಹತ್ತಿರ ಕಲಿತು ಬಂದಿದ್ದೆ. ಮೊದಲ ಸಂಜೆಯೇ ಸೂಜಿಯನ್ನು ಹೊಟ್ಟೆಯ ಹತ್ತಿರ ತಂದು ತಂದು ಹಿಂದೆಗೆದೆ. "ಕೊಡಿ ಇಲ್ಲಿ, ನೀವು ಗೋಡೆಗೆ ಚುಚ್ಚೀರಾ" ಎಂದು ಕಿತ್ತುಕೊಂಡು ತಾನೇ ಚುಚ್ಚಿಕೊಂಡಳು. ಒಂದು ಸಂಜೆ ಕೊರಟಗೆರೆಯಲ್ಲಿ ಸಂಬಂಧಿಕರ ಮನೆಯ ಆರತಕ್ಷತೆ. ಔಷಧಿ ತಣ್ಣಗಿರಬೇಕಲ್ಲ, ಫ್ಲಾಸ್ಕಿನಲ್ಲಿಟ್ಟು ತಂದಿದ್ದ ಐಸು ಕರಗಿದ ಮೇಲೆ ಐಸ್‌ಕ್ರೀಂ ಹಂಚುವವನ ಹತ್ತಿರ ಇನ್ನಷ್ಟು ಬೇಡಿದೆ. ಅವಳು ಛತ್ರದ ಬಚ್ಚಲಿಗೆ ಹೋಗಿ, ರೇಷ್ಮೆ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಚುಚ್ಚಿಕೊಂಡು ಬಂದು ಪಂಕ್ತಿಯಲ್ಲಿ ಕೂತಳು. "ಏನಮ್ಮ, ಇನ್ನೂ ವಿಶೇಷ ಇಲ್ವಾ?" ಅಂದವರಿಗೆಲ್ಲ ನಕ್ಕಳು. ನಾನು ಪಕ್ಕದ ಎಲೆಯಲ್ಲಿ ಪಾಯಸ ಸೊರಸೊರ ಸುರಿಯುತ್ತಿದ್ದೆ.

ದಿನ ಹೋದಂತೆ ಅವಳ ಹೊಟ್ಟೆ ಉಬ್ಬರಿಸಿತು, ಚುಚ್ಚಿದಲ್ಲೆಲ್ಲ ನೀಲಿ ಕಲೆ ಬಿತ್ತು. ಸೊಪ್ಪು ಸೋಸುತ್ತಾ ಕೂತಾಗ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಔಷಧಿಯಿಂದ ಹಾಗಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಒಂದೆರಡು ದಿನಕ್ಕೊಮ್ಮೆ ಸ್ಕ್ಯಾನು, ಅದೂ ಹೊಟ್ಟೆಯ ಮೇಲಲ್ಲ, ಒಳಗಿನಿಂದ. ಪರದೆಯ ಆಚೆ ಏನಾಗುತ್ತದೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಅಮ್ಮನಿಗೆ ಗೊತ್ತಿದ್ದದ್ದು ಇಷ್ಟೇ, ಸೊಸೆಗೆ ಟ್ರೀಟ್‌ಮೆಂಟು. ದೇವರ ಪಾಲಿನ ಕೆಲಸ ತನ್ನದು ಅಂದುಕೊಂಡು ಬಸ್ಸು ಹತ್ತಿ ಬಂದಳು. ನಾಗಲಮಡಿಕೆಯ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು, ದೇವರ ಮುಂದಿಟ್ಟು ತಂದಿದ್ದ ಅರಿಶಿನ ಕೊಂಬಿನ ಕಂಕಣವನ್ನು ನನ್ನ ಬಲಗೈಗೆ ಕಟ್ಟಲು ಕೂತಳು. ನಮ್ಮ ಮನೆತನದ ವಾಡಿಕೆ ಇದು. ಕಂಕಣ ಕಟ್ಟಿಸಿಕೊಂಡ ಗಂಡಸಿಗೆ ಹರಕೆ ತೀರುವವರೆಗೆ ಒಪ್ಪೊತ್ತಿನ ಊಟ, ಮಲಗಲು ಚಾಪೆ, ಹೆಂಡತಿಯಿಂದ ದೂರ.

"ಏಮಿರಾ, ಗೊತ್ತಾಯ್ತಾ? ಮನಸ್ನಾಗೂ ಕೆಟ್ಟ ಯೋಚ್ನೆ ಬರಬಾರ್ದು" ಅಂದಳು. ಆಂಧ್ರದ ಅಂಚಿನವಳು, ಗದರಿಸುವಾಗ ತೆಲುಗೇ ಮೊದಲು ಬರುತ್ತದೆ.

ಹೆಂಡತಿ ನನ್ನ ಮುಖ ನೋಡಿದಳು. ಡಾಕ್ಟರಮ್ಮ ಹೇಳಿದ್ದು ಅವಳಿಗೂ ನೆನಪಿತ್ತು. ನಾನು ಸ್ಯಾಂಪಲ್ ಕೊಡುವ ಮುಂಚೆ ಎರಡು ಮೂರು ದಿನದ ಅಂತರ ಸಾಕು, ಬಹಳ ದಿನ ಬಿಟ್ಟರೆ ಇರುವ ಕಣಗಳೂ ಮಂಕಾಗುತ್ತವೆ. ಅದನ್ನು ಅಮ್ಮನಿಗೆ ಹೇಳಬೇಕಾದರೆ ಸ್ಯಾಂಪಲ್ ಯಾರದು, ಯಾಕೆ ಎನ್ನುವುದನ್ನೂ ಹೇಳಬೇಕಿತ್ತು. ನಾನು ಕೈ ಚಾಚಿದೆ.

ಅಂಡಾಣು ತೆಗೆಯುವ ದಿನ ಬಂತು. ಹೆಂಡತಿಗೆ ಮಂಪರು ಬರಿಸಿ, ಸೂಜಿಯಿಂದ ಅಂಡಾಣುಗಳನ್ನು ತೆಗೆದು, ಅದೇ ದಿನ ಲ್ಯಾಬಿನಲ್ಲಿ ನನ್ನದರ ಜೊತೆ ಸೇರಿಸುವುದು ಕ್ರಮ. ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನರ್ಸ್ ನನ್ನ ಕೈಗೆ ಮುಚ್ಚಳದ ಒಂದು ಪುಟ್ಟ ಡಬ್ಬಿ ಕೊಟ್ಟಳು. "ಗ್ಯಾಪ್ ಎಷ್ಟು ದಿನ ಸಾರ್?" ಎಂದು ಕೇಳಿದಳು. "ಮೂರು ದಿನ" ಅಂದೆ. ಶುದ್ಧ ಸುಳ್ಳು, ಕಂಕಣ ಕಟ್ಟಿಯೇ ವಾರ ದಾಟಿತ್ತು. ಅವಳ ಕಣ್ಣು ಕಂಕಣದ ಮೇಲೆ ಒಂದು ಗಳಿಗೆ ನಿಂತು ಆಚೆ ಸರಿಯಿತು.

ಇಕ್ಕಟ್ಟಾದ ಕೋಣೆ. ಒಂದು ಕುರ್ಚಿ, ಕೈ ತೊಳೆಯುವ ಬೇಸಿನ್ನು, ಗೋಡೆಯ ಮೇಲೆ ಬೊಚ್ಚು ಬಾಯಲ್ಲಿ ನಗುವ ಕೂಸಿನ ಪಟ. ಯಾವ ಪುಣ್ಯಾತ್ಮ ಅದನ್ನು ಆ ಕೋಣೆಗೆ ಆರಿಸಿದನೋ! ಬಾಗಿಲಾಚೆ ಯಾರೋ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದರು, ಯಾರದೋ ಮೊಬೈಲಿನಲ್ಲಿ ಧಾರಾವಾಹಿಯ ಸೊಸೆ ಅಳುತ್ತಿದ್ದಳು. ನಾನು ಅಂಗಿಯ ತೋಳನ್ನು ಕಂಕಣದ ಮೇಲೆ ಎಳೆದುಕೊಂಡೆ. ಅದು ಮತ್ತೆ ಹೊರಗೆ ಬಂತು. ಡಬ್ಬಿ ನೋಡಿದರೆ ಕಂಕಣ ಕಾಣುತ್ತದೆ, ಕಂಕಣ ನೋಡಿದರೆ ಅಮ್ಮ ಕಾಣುತ್ತಾಳೆ. ಯಾವ ಗಂಡಸಿಗೆ ತಾನೇ ಸಾಧ್ಯ? ಮೈ ಕೊರಡಾಯಿತು.

"ಆಯ್ತಾ ಸಾರ್?" ನರ್ಸ್ ಬಾಗಿಲು ತಟ್ಟಿದಳು.

ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟಿದಳು. "ಇರಮ್ಮ ಸ್ವಲ್ಪ!" ಎಂದೆ. ತರಗತಿಯಲ್ಲಿ ಗದರಿಸುವ ದನಿಯೇ ಬಂತು, ಹೊರಗಿನ ಮಾತೆಲ್ಲ ಒಮ್ಮೆಲೇ ನಿಂತಿತು. ಇನ್ನಷ್ಟು ಹೊತ್ತು ಬಿಟ್ಟು ಖಾಲಿ ಡಬ್ಬಿ ಹಿಡಿದು ಹೊರಗೆ ಬಂದಾಗ ಬೆಂಚಿನ ಮೇಲಿದ್ದವರೆಲ್ಲ ನೆಲ ನೋಡುತ್ತಿದ್ದರು. ಅವರ ಮರ್ಯಾದೆ ದೊಡ್ಡದು. ನನ್ನದು ಆಗಲೇ ಹೋಗಿತ್ತು.

ಡಾಕ್ಟರಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ಈ ದಿನ ಹೀಗಾಗೋದು ತುಂಬ ಜನಕ್ಕೆ. ಹೊರಗೆ ಹೋಗಿ ತಿರುಗಾಡ್ಕೊಂಡು ಬನ್ನಿ. ಆಗಲೇ ಇಲ್ಲ ಅಂದ್ರೆ ಅಂಡಾಣು ಫ್ರೀಜ್ ಮಾಡಿಡೋಣ. ಇವತ್ತೇ ಆದ್ರೆ ಒಳ್ಳೇದು. ನಿಮ್ಮ ಮನೆಯವರು ಅವರ ಕೆಲಸ ಮುಗಿಸಿದ್ದಾರೆ" ಅಂದರು. ಕೊನೆಯ ಮಾತನ್ನು ಅವರು ಚುಚ್ಚಲು ಹೇಳಿದ್ದಲ್ಲ. ಆದರೂ ಚುಚ್ಚಿತು.

ತಿರುಗಾಡಲು ಹೋಗಲಿಲ್ಲ, ಹೆಂಡತಿ ಇದ್ದಲ್ಲಿಗೆ ಹೋದೆ. ಅರ್ಧ ಎಚ್ಚರದಲ್ಲಿ ಮಲಗಿದ್ದವಳು "ಆಯ್ತಾ?" ಅಂದಳು.

"ಇಲ್ಲ."

"ಯಾಕ್ರೀ?"

ಬಾಯಲ್ಲಿ ಹೇಳಲಾಗದೆ ಕೈ ತೋರಿಸಿದೆ. ಅವಳು ಕಂಕಣ ನೋಡಿದಳು, ನನ್ನ ಮುಖ ನೋಡಿದಳು, ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು. "ಅಯ್ಯೋ, ನಗಿಸ್ಬ್ಯಾಡ್ರೀ, ನೋಯ್ತದೆ." ಆಮೇಲೆ ನಗು ನಿಂತಿತು.

"ನನ್ನ ಆ ಮೇಜಿನ ಮ್ಯಾಲೆ ಎಷ್ಟ್ ಸಲ ಮಲಗಿಸಿದ್ರು ಗೊತ್ತಾ ನಿಮಗೆ? ಮೊದಲ್ನೇ ಸಲ ಕಣ್ಣು ಗಟ್ಟಿಯಾಗಿ ಮುಚ್ಕೊಂಡಿದ್ದೆ. ಆಮೇಲಾಮೇಲೆ ಫ್ಯಾನ್ ನೋಡ್ತಾ, ಹೋಗ್ತಾ ಏನ್ ತರಕಾರಿ ತಗೊಳ್ಳೋದು ಅಂತ ಯೋಚ್ನೆ ಮಾಡ್ತಿದ್ದೆ. ನಾಚ್ಕೆ ನಂಗೂ ಆಗ್ತಿತ್ತು ಕಣ್ರೀ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಕೈ ಕೊಡಿ" ಅಂದು, ಡ್ರಿಪ್ಪಿನ ಸೂಜಿ ಇದ್ದ ಕೈಯಲ್ಲೇ ನಿಧಾನವಾಗಿ ಗಂಟು ಬಿಡಿಸಿದಳು. "ದೇವ್ರು ಕೇಳಿದ್ರೆ ಅವಳೇ ಬಿಚ್ಚಿದ್ಲು ಅಂತ ಹೇಳಿ. ಹೋಗಿ ಈಗ." ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಅದು ಬಿಡಲಿಲ್ಲ. ಡಬ್ಬಿ ಹಿಡಿದು ಮತ್ತೆ ಅದೇ ಕೋಣೆಗೆ ಹೋದೆ. ಈ ಸಲ ಆಯಿತು.

ಲ್ಯಾಬಿನಲ್ಲಿ ಭ್ರೂಣ ಕಟ್ಟಿತು. ಕೆಲವು ದಿನ ಬಿಟ್ಟು ಅವಳಿಗೆ ಹೊಟ್ಟೆ ತುಂಬ ನೀರು ಕುಡಿಸಿ, ಉಚ್ಚೆ ತಡೆದು ಮಲಗಲು ಹೇಳಿ, ಸಣ್ಣ ನಳಿಕೆಯಿಂದ ಅದನ್ನು ಒಳಗಿಟ್ಟರು. ಸ್ಕ್ಯಾನಿನ ಪರದೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಎಂದಿನ ಹಾಗೆ ಓಡಾಡಿಕೊಂಡಿರಿ ಎಂದರೂ ಆಮೇಲಿನ ಎರಡು ವಾರ ಅವಳು ಕೆಮ್ಮಲೂ ಹೆದರಿದಳು. ನಾನು ಬಿಂದಿಗೆ ಎತ್ತಿದೆ, ಮನೆ ಗುಡಿಸಿದೆ, ಅದನ್ನೇ ದೊಡ್ಡ ಉಪಕಾರ ಅಂದುಕೊಂಡೆ. ರಕ್ತ ಪರೀಕ್ಷೆಯ ಫಲಿತಾಂಶದ ಫೋನು ಬಂದಾಗ ನಾನು ಶಾಲೆಯಲ್ಲಿದ್ದೆ. ಬಸಿರು ನಿಂತಿಲ್ಲ ಎಂದರು. ಮನೆಗೆ ಬಂದರೆ ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಒಂದೇ ಸಲಕ್ಕೆ ಆಗೋದು ಕಮ್ಮಿ ಅಂತ ಮೊದಲೇ ಹೇಳಿದ್ರಲ್ಲ" ಅಂದು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಿಂತಿಲ್ಲವೆಂದು ಅಮ್ಮನಿಗೆ ಫೋನಿನಲ್ಲಿ ತಿಳಿಸಿ, ಮುಂದಿನ ಭಾನುವಾರ ಇಬ್ಬರೂ ಊರಿಗೆ ಹೋದೆವು. ಅಮ್ಮ ಮೊದಲು ನೋಡಿದ್ದೇ ನನ್ನ ಬಲಗೈ.

"ಕಂಕಣ ಏಮೈಂದಿ?"

"ಸ್ನಾನ ಮಾಡುವಾಗ ಕಳಚಿ ಹೋಯ್ತು."

"ಇನ್ನೆಂಗೆ ನಿಲ್ತದೆ ಮತ್ತೆ!" ಹಣೆ ಚಚ್ಚಿಕೊಂಡು ಸೊಸೆಯ ಕಡೆ ತಿರುಗಿದಳು. "ನೀನಾದ್ರೂ ನೋಡ್ಕಬಾರ್ದಾ? ಬಸ್ರು ನಿಲ್ದಿರೋದು ನಿಂಗೆ. ಎರಡು ದಿನ ಇಲ್ಲೇ ಇರು. ನಾಳೆ ಸೋಮವಾರ, ಮತ್ತೆ ಅರಳಿಕಟ್ಟೆ ಸುತ್ತೋದು ಶುರು ಮಾಡು, ಒದ್ದೆ ಸೀರೇಲೇ."

"ಆಯ್ತತ್ತೆ" ಅಂದು ಹೆಂಡತಿ ಬ್ಯಾಗು ಇಟ್ಟು ಅಡುಗೆಮನೆಗೆ ಹೋದಳು. ಆ "ಆಯ್ತತ್ತೆ" ನನಗೆ ತಡೆಯಲಾಗಲಿಲ್ಲ.

"ಅಮ್ಮ, ಅವಳಲ್ಲಿ ಏನೂ ತೊಂದ್ರೆ ಇಲ್ಲ. ಇರೋದು ನನ್ನಲ್ಲಿ. ಕಂಕಣನೂ ಕಳಚಿ ಹೋಗಿದ್ದಲ್ಲ, ಬಿಚ್ಚಿದ್ದು. ಆಸ್ಪತ್ರೇಲಿ ನನ್ನಿಂದ ಬೇಕಾಗಿದ್ದು ಅದು ಕೈಯಲ್ಲಿದ್ರೆ ಆಗ್ತಿರ್ಲಿಲ್ಲ." ಇಷ್ಟು ಹೇಳುವಷ್ಟರಲ್ಲಿ ಕಿವಿ ಕಾದುಹೋಗಿತ್ತು. ಅಮ್ಮನ ಮುಖ ನೋಡಲಿಲ್ಲ.

ಅಮ್ಮ ನನ್ನೆದುರಿಗೆ ಬಂದು ನಿಂತಳು. "ಯಾವಾಗ್ನಿಂದ ಗೊತ್ತು ನಿಂಗೆ?"

"ಮೊದಲ್ನೇ ಟೆಸ್ಟಿನಿಂದ."

"ಅಂದ್ರೆ, ಹೋದ ಕಾರ್ತೀಕದಾಗೆ ಆ ಹುಡುಗಿ ಗಡಗಡ ನಡುಗ್ತಾ ಕಟ್ಟೆ ಸುತ್ತುವಾಗ ಗೊತ್ತಿತ್ತು."

"ಹೂಂ."

"ಕಟ್ಟೆ ಮ್ಯಾಲೆ ಶಾಲು ಹೊದ್ಕಂಡು ಕುಂತು, ಎಷ್ಟು ಸುತ್ತಾಯ್ತು ಅಂತ ಎಣಿಸ್ತಿದ್ದೋನು ನೀನೇ ಅಲ್ವೇನ್ಲಾ?"

"ಹೂಂ."

ಅವಳು ಒಳಗೆ ಹೋದಳು. ನಾನು ಜಗಲಿಯಲ್ಲಿ ಕೂತೆ. ಒಳಗೆ ಏನು ಮಾತಾಯಿತೋ ಕೇಳಿಸಲಿಲ್ಲ. ಮುದ್ದೆ ತಿರುವುವ ಸದ್ದು ಕೇಳಿತು, ಆಮೇಲೆ ತಟ್ಟೆ ಇಟ್ಟ ಸದ್ದು. "ಬಾರಮ್ಮ, ಕುಂತ್ಕ. ನೀನು ಮೊದ್ಲು ಉಣ್ಣು" ಎಂದಳು ಅಮ್ಮ. ಮನೆಯ ಗಂಡಸು ಉಣ್ಣದೆ ಹೆಂಗಸರು ತಟ್ಟೆಯ ಮುಂದೆ ಕೂತದ್ದನ್ನು ನಮ್ಮ ಮನೆಯಲ್ಲಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಾಗಿಲಿನಿಂದ ಅವರಿಬ್ಬರ ಬೆನ್ನು ಕಾಣುತ್ತಿತ್ತು. ಅಮ್ಮನೂ ಬಡಿಸಿಕೊಂಡು ಸೊಸೆಯ ಪಕ್ಕದಲ್ಲೇ ಕೂತಿದ್ದಳು. ನನ್ನನ್ನು ಯಾರೂ ಊಟಕ್ಕೆ ಕರೆಯಲಿಲ್ಲ.